ಎಂಟು ಸೆಕೆಂಡು

ಬೆಳಗಿನ ಪಾಳಿ ಮುಗಿಸಿ ಬಸ್ಸು ನಿಲ್ಲಿಸಿ ಬಂದಿದ್ದೇನೆ,
ಶಾಲೆ ಬಿಡಲು ಇನ್ನೂ ಮೂರು ಗಂಟೆ.
ಓಕ್ ಮರಗಳಡಿ ದಾರಿ ಬರೀ ಒಂದೂವರೆ ಮೈಲಿ,
ಹಸಿ ಸ್ಲೇಟಿನ ಚೂರು ಬೂಟಿನಡಿ ಕಿರಗುಟ್ಟುತ್ತದೆ.

ಜಲಪಾತ ಎಂದರೆ ನಗುತ್ತೀರಿ:
ಎರಡಾಳೆತ್ತರ, ಅಷ್ಟೇ.
ಆದರೂ ವೇಲ್ಸಿನ ಈ ಮೂಲೆಗೆ ಅದರದೇ ದೊಡ್ಡ ಬಾಯಿ.

ಮುಕ್ಕಾಲಿಯ ಒಂದು ಕಾಲು ನೀರಲ್ಲಿ,
ಎರಡು ಪಾಚಿಯಲ್ಲಿ.
ಮಸೂರಕ್ಕೆ ಕಪ್ಪು ಗಾಜು ತಿರುಪಿ, ಗುಂಡಿ ಒತ್ತಿ
ಅಜ್ಜಿ ಕಲಿಸಿದ ಭಾಷೆಯಲ್ಲಿ ಎಣಿಸುತ್ತೇನೆ:
ಈನ್, ದೈ, ತ್ರೀ...
ನಾಲ್ಕಕ್ಕೆ ಚೌಕಟ್ಟಿನೊಳಗೆ ಬಂದವರು
ಗೆಥಿನ್ ಮತ್ತವನ ನಾಯಿ ಪುಟ್.
ಕಲ್ಲಿಂದ ಕಲ್ಲಿಗೆ ಹಾರಿ ದಾಟಿಯೂ ಹೋದರು.

"ಹಾಳು ಮಾಡಿದೆನಾ?"
ತೋರಿಸಿದೆ. ನೀರು ಹಾಲಾಗಿದೆ,
ಕಲ್ಲು ಕಲ್ಲಾಗಿಯೇ ಇದೆ,
ಅವನಿಲ್ಲ.
ಪರದೆಗೆ ಮೂಗು ತಾಗಿಸಿ ಹುಡುಕಿದ,
ಮೂವತ್ತೊಂದು ವರ್ಷ ಗಣಿಯಲ್ಲಿ
ಸ್ಲೇಟು ಸೀಳಿದ ಮನುಷ್ಯ.
"ಇಷ್ಟು ಬೇಗ ಅಳಿಸಿಬಿಡ್ತದಾ ನಿನ್ನ ಯಂತ್ರ?"
ನಿಂತರೆ ಉಳೀತೀಯ, ನಡೆದರೆ ಇಲ್ಲ, ಎಂದೆ.

ಸರಿ, ಟೋಪಿ ತೆಗೆದು ಬಂಡೆಯ ಮೇಲೆ ನಿಂತ,
ಉಸಿರು ಕಟ್ಟಿ, ಮದುವೆಯ ಫೋಟೋಗೆ ನಿಂತ ಹಾಗೆ,
ಎಂಟರವರೆಗೂ.
ಪುಟ್ ಆಗಲೇ ಮೈ ಕೊಡವಬೇಕೇ!

ಈಗ ಚಿತ್ರದಲ್ಲಿ ಗೆಥಿನ್ ಇದ್ದಾನೆ,
ಕಿವಿಯ ಕೂದಲ ಸಮೇತ.
ಪಕ್ಕದಲ್ಲಿ ನಾಲ್ಕು ಪಂಜ, ಅಲ್ಲಾಡದವು,
ಅವುಗಳ ಮೇಲೆ ನಾಯಿಯ ಬದಲು ಕಂದು ಹೊಗೆ.
ಬಾಲ ಇರಬೇಕಾದಲ್ಲಿ
ಇನ್ನೊಂದು ಜಲಪಾತ, ಗೇಣುದ್ದದ್ದು.