ಎರಡನೆಯ ಸದ್ದು

ನಮ್ಮಲ್ಲಿ ಸದ್ದನ್ನು ಎಣಿಸುತ್ತಾರೆ.
ಒಂದು ಗುಂಡು ಹಾರಿದರೆ ಗಂಡುಕೂಸು ಹುಟ್ಟಿದೆ.
ಬೆನ್ನಿಗೇ ಇನ್ನೊಂದು ಹಾರಿದರೆ
ಯಾರೋ ಹೋದರು, ಕೈಗೆಲಸ ಬಿಟ್ಟು ಹೊರಡಬೇಕು.

ಹಾಗಾಗಿ ಆ ಬುಧವಾರ, ಗೋಣಿಕೊಪ್ಪದ ಪೇಟೆಯಲ್ಲಿ
ಕೆಳಗಿನ ಹೋಟೆಲಿನ ಅಡುಗೆಮನೆ ಸಿಡಿದಾಗ
ಎರಡನೆಯ ಮಾಳಿಗೆಯ ನನ್ನ ಹೊಲಿಗೆಯಂಗಡಿಯಲ್ಲಿ
ನಬೀಸಾ ಸೂಜಿಗೆ ನೂಲು ಪೋಣಿಸುತ್ತಲೇ ಕೇಳಿದಳು:
"ಯಾರ ಮನೆಯಲ್ಲಿ ಅಕ್ಕಾ, ಗಂಡುಮಗು?"

ಪೇಟೆ ನಡುವೆ ಯಾರು ಕೋವಿ ಹಾರಿಸುತ್ತಾರೆ!
ಕತ್ತರಿ ಮೇಜಿನಿಂದ ತಾನಾಗಿ ಜಾರಿತು.
ಕಿಟಕಿಗೆ ಓಡಿದವಳು ನಾನೇ ಮೊದಲು.
ನೋಡುವ ಚಪಲ. ಸುಳ್ಳು ಯಾಕೆ ಹೇಳಲಿ.

ಪರದೆಗೆ ಕೈ ಹಾಕಿದಾಗ ಬಿದ್ದಪ್ಪ ನೆನಪಾದ,
ಫೈರ್ ಸ್ಟೇಷನ್ನಿನವನು. ಕಕ್ಕಡದಲ್ಲಿ ಒಮ್ಮೆ
ಕಟ್ಟಡದವರನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ ಪಾಠ ಮಾಡಿದ್ದ.
ಬಿಸ್ಕತ್ತು ಕೊಡುತ್ತಾರೆಂದು ಹೋಗಿದ್ದೆವು,
ಅವನ ಮೀಸೆ ನೋಡಿ ನಕ್ಕಿದ್ದೆವು.
"ಒಂದು ಸಿಡಿದರೆ ಪಕ್ಕದ ಸಿಲಿಂಡರ್ ಕಾಯುತ್ತಿರುತ್ತದೆ,
ಎರಡೂ ಅರ್ಥದಲ್ಲಿ" ಅಂದಿದ್ದ.
"ಗಾಜಿನ ಹತ್ತಿರ ನಿಲ್ಲಬೇಡಿ.
ನೋಡಲು ಹೋದವರನ್ನೇ ನಾನು ಹೆಚ್ಚು ಹೊತ್ತಿದ್ದೇನೆ."

ನಬೀಸಾಳ ಭುಜ ಹಿಡಿದು ಕೆಡವಿದೆ.
ರವಿಕೆಯ ಅಳತೆಗೆ ಬಂದಿದ್ದ ಬೋಜಮ್ಮ
ಅರ್ಧ ಪಿನ್ನು ಚುಚ್ಚಿಕೊಂಡೇ ಮೇಜಿನಡಿ ತೂರಿದಳು.

ಎರಡನೆಯದು.

ಕಿಟಕಿಯೇ ಒಳಗೆ ಬಂತು.
ನಾನು ನಿಂತಿದ್ದ ನೆಲ
ಸಕ್ಕರೆ ಚೆಲ್ಲಿದ ಹಾಗೆ ಮಿನುಗಿತು.
ಬೋಜಮ್ಮ ಮೆಲ್ಲಗೆ ಎಣಿಸಿದಳು: "ಎರಡು."

ಆಮೇಲೆ ಹೊಗೆ.
ಇಸ್ತ್ರಿಗಿಟ್ಟ ನೀರಲ್ಲಿ ಲೈನಿಂಗ್ ಬಟ್ಟೆ ಅದ್ದಿ ಮೂಗಿಗೆ ಕಟ್ಟಿದೆವು.
ಹೊಗೆಗೆ ಗತ್ತು ಹೆಚ್ಚು, ಮೇಲೇ ಕೂರುತ್ತದೆ,
ಉಸಿರು ಬೇಕಾದವರು ನೆಲ ಹಿಡಿಯಬೇಕು.
ಮೂವರೂ ಅಂಬೆಗಾಲಿಟ್ಟೆವು,
ನಲವತ್ತೆಂಟರ ನಾನೂ.
ಹಿಂಬಾಗಿಲಿಗೆ ಕೈಯ ಹಿಂಬದಿ ಒತ್ತಿ ನೋಡಿದೆ,
ಮಗುವಿನ ಜ್ವರ ನೋಡುವ ಹಾಗೆ.
ತಣ್ಣಗಿತ್ತು.

ಬಾಗಿಲು ತೆರೆದವಳು ಹಿಂದಿರುಗಿ ನೋಡಿದೆ.
ಮೊಳೆಯಲ್ಲಿ ಮದುಮಗನ ಬಿಳಿ ಕುಪ್ಯ,
ಹನ್ನೊಂದು ದಿನದ ಕೆಲಸ, ಅಂಚೊಂದೇ ಬಾಕಿ.
ಎರಡು ಹೆಜ್ಜೆ, ಅಷ್ಟೇ ದೂರ.
ಬೋಜಮ್ಮ ನನ್ನ ಕಾಲು ಹಿಡಿದಳು:
"ಅದು ನನ್ನ ತಮ್ಮನದು. ಬಿಡಿ.
ಅವನು ಶರ್ಟಿನಲ್ಲೇ ಮದುವೆಯಾಗಲಿ."

ಲಿಫ್ಟಿನ ಗುಂಡಿ ಹಸಿರಾಗಿ ಕರೆಯುತ್ತಲೇ ಇತ್ತು.
ಗೋಡೆ ಸವರುತ್ತ ಮೆಟ್ಟಿಲಿಳಿದೆವು.

ಎದುರು ಕಟ್ಟಡದ ಮೊಬೈಲ್ ಅಂಗಡಿಯ ಹುಡುಗ
ಗಾಜಿಗೆ ಒರಗಿ ವಿಡಿಯೋ ಮಾಡುತ್ತಿದ್ದನಂತೆ.
ಅವನ ತಾಯಿ ನನ್ನಲ್ಲೇ ರವಿಕೆ ಹೊಲಿಸುತ್ತಾಳೆ.
ಈಗಲೂ ಬರುತ್ತಾಳೆ, ಅಳತೆ ಕೊಡುವಾಗ
ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ.
ನಾನು ಏನೂ ಹೇಳುವುದಿಲ್ಲ.

ಅಂದು ಬಸ್ ಸ್ಟ್ಯಾಂಡಿನಲ್ಲಿ ಬಿದ್ದಪ್ಪ ನಮ್ಮ ತಲೆ ಎಣಿಸಿದ.
ಮುಖದ ತುಂಬ ಮಸಿ, ಮೀಸೆ ಯಾವುದು ಎಂದೇ ಗೊತ್ತಾಗಲಿಲ್ಲ.
"ನಿಮ್ಮಂಗಡಿಯವರು ಎಷ್ಟು?"
ಮೂರು ಅಂದೆ.
ಮೂರು ಸದ್ದಿಗೆ ನಮ್ಮ ಕಡೆ ಯಾವ ಅರ್ಥವೂ ಇಲ್ಲ.
ನಬೀಸಾ ಮುಷ್ಟಿ ಬಿಚ್ಚಿದಳು:
ಸೂಜಿ ಒಳಗೇ ಇತ್ತು, ನೂಲು ಪೋಣಿಸಿದ್ದು.