ಮದ್ದೋ, ನೀರೋ

ನಿಜ ಹೇಳಿಬಿಡುತ್ತೇನೆ: ನಾನು ಸೇರಿದ್ದು
ವಿಜ್ಞಾನಕ್ಕಲ್ಲ, ಒಂದು ಸಾಲಿಗೆ.
ಅರ್ಜಿಯ ಕೊನೆಯಲ್ಲಿ 'ಸಂಶೋಧನೆ' ಎಂದೊಂದು ಕಲಂ,
ಅದರೆದುರು ಎರಡು ವರ್ಷದಿಂದ ಬರೀ ಗೀಟು.
ಡಾಕ್ಟರ್ ಒಫೊಸುಹೇನೆ ಇರುಳು ಮೂರಕ್ಕೆ
ಕೈ ತೊಳೆಯುತ್ತ, ತಿರುಗಿಯೂ ನೋಡದೆ ಕೇಳಿದ್ದರು:
"ಸೆರ್ವಾ, ನಿನಗೆ ಎಣಿಸಲು ಬರುತ್ತದೆಯೇ?"
ಬರುತ್ತದೆ ಅಂದೆ. ಅಷ್ಟೇ ಸಂದರ್ಶನ.

ಕುಮಾಸಿಯಲ್ಲಿ ಆಗ ಹರ್ಮಟಾನ್. ಮರುಭೂಮಿಯ ಧೂಳು
ಸೂರ್ಯನನ್ನು ಸವೆದ ನಾಣ್ಯ ಮಾಡಿತ್ತು.
ತುರ್ತು ವಿಭಾಗದ ಗೋಡೆಯ ಗೂಡಿನಲ್ಲಿ
ಅರವತ್ತು ರಟ್ಟಿನ ಪೆಟ್ಟಿಗೆ, ನಂಬರು ಹೊತ್ತವು,
ಒಂದೊಂದರಲ್ಲೂ ಎರಡು ಗಾಜಿನ ಕುಪ್ಪಿ.
ಅರ್ಧದಷ್ಟರಲ್ಲಿ ಮದ್ದು, ಉಳಿದದ್ದರಲ್ಲಿ ಉಪ್ಪುನೀರು.
ಬೆಳಕಿಗೆ ಹಿಡಿದು ನೋಡಿದ್ದೇನೆ, ಕದ್ದು, ಎಷ್ಟೋ ಸಲ.
ನೀರು ನೀರಿನಂತೆ; ಮದ್ದೂ ನೀರಿನಂತೆ.

ತಲೆಯೊಡೆದು ಬಂದವರಿಗೆ, ಮೂರು ಗಂಟೆಯೊಳಗೆ:
ಕರಾರು ಅಷ್ಟೇ. ಒಪ್ಪಿಗೆ ಆಮೇಲೆ.
ಪ್ರಜ್ಞೆಯಿಲ್ಲದವನ ಕಿವಿಯಲ್ಲಿ ಯಾವ ಕಾಗದ ಓದಲಿ?
ನೀತಿ ಸಮಿತಿ ಹನ್ನೊಂದು ಸಲ ಸಭೆ ಕೂತು
ಆ 'ಆಮೇಲೆ'ಗೆ ಮೊಹರು ಒತ್ತಿತ್ತು.
ಆಮೇಲೆ ಎಂಬುದು ಎಷ್ಟು ಉದ್ದವೆಂದು
ಯಾರೂ ಬರೆದಿರಲಿಲ್ಲ.

ಮೊದಮೊದಲು ಮರೆಯುತ್ತಿದ್ದೆ. ರಕ್ತ, ಉಸಿರುಕೊಳವೆ, ಕೂಗು,
ಎಲ್ಲ ಮುಗಿದು ಚೀಲ ಹೆಗಲಿಗೇರಿಸುವಾಗ
ಪೆಟ್ಟಿಗೆಗಳು ಗೂಡಿನಿಂದ ನನ್ನನ್ನೇ ನೋಡುತ್ತಿದ್ದವು.
ನರ್ಸ್ ಡುಫಿಯೆ ಗಡಿಯಾರದ ಕೆಳಗೆ ಟೇಪು ಹಚ್ಚಿ
'ಪೆಟ್ಟಿಗೆ, ಸೆರ್ವಾ, ಪೆಟ್ಟಿಗೆ!' ಎಂದು ಬರೆದಿಟ್ಟಳು.
ಮಿಕ್ಕವರು ನನ್ನನ್ನೇ ಪೆಟ್ಟಿಗೆ ಎಂದು ಕರೆಯತೊಡಗಿದರು.

ಮೂವತ್ತೇಳು ತೆರೆದದ್ದು ಒಂದು ಶುಕ್ರವಾರ.
ಟ್ರೊಟ್ರೊ ಬಾಗಿಲಲ್ಲಿ ಜೋತು, 'ಕೆಜೆಟಿಯಾ, ಕೆಜೆಟಿಯಾ' ಎಂದು
ಊರಿಡೀ ಕೂಗಿ ಜನ ತುಂಬುತ್ತಿದ್ದ ಹುಡುಗ
(ಹುಡುಗನೇನು, ಮೂವತ್ತೊಂದು)
ಬಾಗಿಲ ಸಮೇತ ಕಳಚಿ ಬಿದ್ದಿದ್ದ.
ಮುಷ್ಟಿಯಲ್ಲಿ ಚಿಲ್ಲರೆ. ಬಿಡಿಸಿದರೂ ಬಿಡದ ಬೆರಳು.
ಪೆಟ್ಟಾಗಿ ಎಪ್ಪತ್ತು ನಿಮಿಷ. ಎಣಿಸಿದ್ದೆ.
ಕುಪ್ಪಿಯ ಕತ್ತು ಮುರಿದೆ, ಹತ್ತು ನಿಮಿಷ ಹನಿಸಿದೆ,
ಹಾಳೆಯ ಚೌಕಗಳಲ್ಲಿ ಗುರುತು ಹಾಕಿದೆ:
ಎಡಗಣ್ಣಿನ ಪಾಪೆ ದೊಡ್ಡದು. ಹೌದು. ಇಲ್ಲ. ಹೌದು.
ಹೆಸರಿಗೆ ಮಾತ್ರ ಚೌಕವಿರಲಿಲ್ಲ.
ಅಂಪೊಫೊ ಎಂದು ಆಮೇಲೆ ತಿಳಿಯಿತು.

ಭಾನುವಾರ ಅವನು ಹೋದ.
ಸೋಮವಾರ ನಾನು ಹೋಗಬೇಕು, ಒಪ್ಪಿಗೆಗೆ.

ಹೆಂಡತಿ ಬಿರಾಗೊ ಶವಾಗಾರದ ಹೊರಗೆ
ಸಿಮೆಂಟಿನ ಕಟ್ಟೆಯ ಮೇಲೆ, ಕಪ್ಪುಗೆಂಪು ಬಟ್ಟೆಯಲ್ಲಿ.
ಮೀನಿಗೆ ಹೊಗೆ ಹಾಕಿ ಮಾರುವವಳು.
ಟ್ವಿಯಲ್ಲೇ ವಿವರಿಸಿದೆ. ಯಾದೃಚ್ಛಿಕ ಎಂಬುದಕ್ಕೆ
ನನಗೆ ಮಾತು ಸಿಗದೆ
'ಕಣ್ಣು ಮುಚ್ಚಿ ಹೆಕ್ಕಿದ್ದು' ಎಂದೆ.
"ನನ್ನವನಿಗೆ ಬಿದ್ದದ್ದು ಮದ್ದೋ, ನೀರೋ?"
ಗೊತ್ತಿಲ್ಲ ಅಕ್ಕಾ. "ನಿಮ್ಮ ದೊಡ್ಡವರಿಗೆ?" ಅವರಿಗೂ ಇಲ್ಲ.
"ಮತ್ತೆ ಯಾರಿಗೆ ಗೊತ್ತು?"
ದೂರದ ಊರಲ್ಲಿ ಒಂದು ಯಂತ್ರಕ್ಕೆ. ಅದು ಬಾಯಿ ಬಿಡುವುದು
ಬೇಕಾದಷ್ಟು ಜನ ಸೇರಿದ ಮೇಲೆ.
ನಕ್ಕಳು ಅನ್ನಿಸಿತು; ನಗುವಲ್ಲ.
"ನಿಮ್ಮದೂ ಟ್ರೊಟ್ರೊನೇ ಹಾಗಾದರೆ.
ಸೀಟು ತುಂಬುವ ತನಕ ಹೊರಡುವುದಿಲ್ಲ."

ಹೆಬ್ಬೆಟ್ಟು ಚಾಚಿದಳು. ಧೂಳಿಗೆ ಶಾಯಿ ಒಣಗಿತ್ತು,
ಉಗುಳು ಹಚ್ಚಿ ಒತ್ತಿದಳು. ಹೊಗೆಗೆ, ಬಿಸಿಗೆ ಸವೆದ ಬೆರಳು,
ಗೆರೆಯೇ ಮೂಡಲಿಲ್ಲ. ಕಾಗದದ ಮೇಲೊಂದು ಕಪ್ಪು ಮಚ್ಚೆ.
"ಖಾಲಿ ಪೆಟ್ಟಿಗೆಯಾದರೂ ಕೊಡುತ್ತೀಯಾ?"
ಕೊಡುವಂತಿಲ್ಲ. ಖಾಲಿಯನ್ನೂ ಎಣಿಸಿ
ವಾಪಸು ಕಳಿಸಬೇಕು. ನಿಯಮ.

ಮೂರನೆಯ ವರ್ಷ ಫಲಿತಾಂಶ ಬಂತು.
ವ್ಯತ್ಯಾಸ ಇದೆಯೆನ್ನಲೂ ಇಲ್ಲವೆನ್ನಲೂ ಆಗದಷ್ಟು.
ಕೊನೆಯ ಪುಟದ ಸಣ್ಣಕ್ಷರದಲ್ಲಿ ನನ್ನ ಹೆಸರು, ಕಾಗುಣಿತ ತಪ್ಪಿ.
ಒಫೊಸುಹೇನೆ ಪಟ್ಟಿ ತೆರೆದು ಮೇಜಿನ ಮೇಲಿಟ್ಟು
ಕೈ ತೊಳೆಯಲು ಎದ್ದು ಹೋದರು.
ಮೂವತ್ತೇಳರ ಎದುರಿಗೆ ಏನಿದೆಯೆಂದು ನೋಡಿದೆ.

ಅದನ್ನು ಹೇಳಲೆಂದೇ ಸಂತೆಗೆ ಹೋದೆ.
ಬಿರಾಗೊ ಗುರುತು ಹಿಡಿದಳು. ಬಾಯಿ ತೆರೆದೆ.
"ಈಗ ಬೇಡ," ಅಂದಳು, "ಗಿರಾಕಿಗಳಿದ್ದಾರೆ."
ಹಳೆಯ ಪೇಪರಿನಲ್ಲಿ ಎರಡು ಮೀನು ಸುತ್ತಿ,
ಚಿಲ್ಲರೆಯನ್ನು ನನ್ನ ಅಂಗೈಯಲ್ಲಿಟ್ಟು
ಬೆರಳು ಮಡಚಿದಳು.
ನಾನು ಎಣಿಸಲಿಲ್ಲ.