ಸಂಪರ್ಕ ತಪ್ಪಿದವರು: ಇಬ್ಬರು

ಬೆಳಿಗ್ಗೆ ಕಣ್ಣ ಸುತ್ತ ಬಾವು,
ಸಂಜೆಗೆ ಅದೇ ಪಾದಕ್ಕಿಳಿದಿರುತ್ತಿತ್ತು.
ಹಾಸನದ ದೊಡ್ಡಾಸ್ಪತ್ರೆಯಲ್ಲಿ ಆಗ ನನ್ನ ಕೆಲಸ
ಆ ಮಕ್ಕಳ ತಾಯಂದಿರಿಗೆ ಉಚ್ಚೆ ಕಾಯಿಸಲು ಕಲಿಸುವುದು.

ನಳಿಕೆಯ ಮೇಲರ್ಧವನ್ನಷ್ಟೇ ದೀಪಕ್ಕೆ ಹಿಡಿ, ತಾಯಿ.
ಒಂದು ಹನಿ ಹುಳಿ ಬಿಡು.
ತಿಳಿಯಾಗೇ ಉಳಿದರೆ ಸೊನ್ನೆ.
ಗಂಜಿಯಂತೆ ಕದಡಿದರೆ ಒಂದು ಪ್ಲಸ್, ಎರಡು;
ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿದರೆ ಮೂರು.
ಮೂರು ದಿನ ಮೂರು ಬಂದರೆ ಬಸ್ಸು ಹತ್ತು.
ಉಪ್ಪು ಮಾತ್ರ ಮುಟ್ಟಿಸಬೇಡ.

ಒಂಬತ್ತು ಊರುಗಳ ವೈದ್ಯರು ಆ ವರ್ಷ
ಒಂದೇ ಪ್ರಶ್ನೆಗೆ ಕೂಡಿದ್ದರು:
ಗುಳಿಗೆ ಮೂರು ತಿಂಗಳು ಸಾಕೋ, ಆರು ಬೇಕೋ?
ಒಂದೂರಿನ ಮಕ್ಕಳು ಸಾಲದು ಉತ್ತರಕ್ಕೆ.
ನಮ್ಮಲ್ಲಿ ಹತ್ತೊಂಬತ್ತು, ಇನ್ನೆಲ್ಲೋ ನಲವತ್ತು;
ನಾನು ಕಾಣದ ಊರುಗಳಲ್ಲೂ ಇದೇ ಬಾವು, ಇದೇ ನಳಿಕೆ,
ಬೇರೆ ಭಾಷೆಯಲ್ಲಿ ಇದೇ ಹಟ.
ಅಂಚೆಯಲ್ಲಿ ಬಂದವು ಅಂಟಿಸಿದ ಲಕೋಟೆಗಳು.
ಒಳಗೇನಿದೆ, ಲೋಬೊ ಡಾಕ್ಟರಿಗೂ ತಿಳಿಯದು:
ಕೊನೆಯ ಮೂರು ತಿಂಗಳು ಕೆಲವರಿಗೆ ಔಷಧಿ,
ಕೆಲವರಿಗೆ ಅದೇ ಬಣ್ಣದ ಬರೀ ಹಿಟ್ಟು.

"ಹಿಟ್ಟಾ? ನಾವು ದಿನಾ ಉಣ್ಣೋದು ಅದೇ ಅಲ್ವಾ?" ಅಂದಳು
ಕೆಂಚಮ್ಮನ ಹೊಸಕೋಟೆ ಕಡೆಯ ಜವರಮ್ಮ.
ನಗಬೇಕೋ ಬೇಡವೋ ತಿಳಿಯದೆ
ಅವಳ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದೆ.
ಮಗ ಧರಣೇಶ ನಮ್ಮ ಹದಿನೇಳನೆಯವನಾದ.

ಐದನೇ ತಿಂಗಳು ಅವರು ಬರಲಿಲ್ಲ.
ಹಾಕಿದ ಕಾರ್ಡು ವಿಳಾಸದಲ್ಲಿ ಯಾರೂ ಇಲ್ಲವೆಂದು ಮರಳಿತು.
ವರದಿ ಅಚ್ಚಾಯಿತು: ಹೆಚ್ಚು ದಿನ ಕೊಟ್ಟರೆ ಹೆಚ್ಚೇನೂ ಇಲ್ಲ.
ಕೋಷ್ಟಕದ ಕೆಳಗೆ ಇರುವೆಯಷ್ಟು ಅಕ್ಷರ,
ಹಾಸನ: ಸಂಪರ್ಕ ತಪ್ಪಿದವರು ಇಬ್ಬರು.

ಎರಡು ವರ್ಷ ಕಳೆದು, ಆಲೂಗಡ್ಡೆ ಕಾಲ.
ಮಂಡಿಯ ಲಾರಿಯಿಂದಿಳಿದು ಬಂದಳು ಜವರಮ್ಮ,
ಸೆರಗಿನೊಳಗೆ ಮಂಡಿಯವರ ಹಳೇ ಲೆಕ್ಕದ ಪುಸ್ತಕ.
ಗಂಡ ಹೋದ, ಕೊಡಗಿನ ತೋಟ ಸೇರಿದರಂತೆ.
ನಳಿಕೆ ದಾರಿಯಲ್ಲೇ ಒಡೆಯಿತಂತೆ.
ಚಮಚದಲ್ಲಿ ಕಾಯಿಸಿದ್ದಾಳೆ.
ಅಕ್ಷರ ಬಾರದವಳು,
ತಿಳಿಯಿದ್ದ ದಿನಕ್ಕೆ ಅರಿಶಿನದ ಚುಕ್ಕೆ, ಕದಡಿದ ದಿನಕ್ಕೆ ಮಸಿ.
ಎಂಟುನೂರು ಚಿಲ್ಲರೆ. ಒಂದು ದಿನವೂ ಬಿಟ್ಟಿಲ್ಲ.
ಒಂದು ಪುಟದಲ್ಲಿ ಮಸಿ ಮೂರು, ಮುಂದೆ ಹನ್ನೊಂದು.
ಆ ಪುಟ ನಾನು ತಿರುಗಿಸುವಾಗ ಅವಳು ಕಿಟಕಿ ನೋಡಿದಳು.
ಕಿಟಕಿಯಾಚೆ ಧರಣೇಶ ಲಾರಿಯ ಚಕ್ರ ಒದೆಯುತ್ತಿದ್ದ.
ಕೊನೆಕೊನೆಗೆ ಪುಟಪುಟವೂ ಅರಿಶಿನ.

ಯಾವ ಕೋಷ್ಟಕಕ್ಕೂ ಇದು ಇನ್ನು ಸೇರದು.
ಹೇಳಲಿಲ್ಲ ನಾನು.

"ಈಗ್ಲಾದ್ರೂ ಹೇಳಿ, ನನ್ ಮಗೀಗೆ ಕೊಟ್ಟಿದ್ದು
ಔಷ್ದೀನೋ ಹಿಟ್ಟೋ?"
ಕಪಾಟು ತೆಗೆದೆ. ಹದಿನೇಳರ ಲಕೋಟೆ.
"ಹಿಟ್ಟು," ಅಂದೆ.
ಬಹಳ ಹೊತ್ತು ಯೋಚಿಸಿದಳು.
"ಉಪ್ಪು ಹಾಕಿರ್ನಿಲ್ಲ ತಾನೆ?"

ಹೊಸ ನಳಿಕೆ ಕೊಟ್ಟೆ.
ದಾಸ್ತಾನು ಪುಸ್ತಕದಲ್ಲಿ ಬರೆದೆ:
ಒಡೆದದ್ದು, ಒಂದು.